ಒಂಬತ್ತು ಇಂಚಿನ ಎರಡು ಸರಪಳಿ

ಪುಟ್ಟೇನಹಳ್ಳಿಯ ಎರಡನೇ ಕ್ರಾಸಿನಲ್ಲಿ ನಾಗಲಿಂಗಪ್ಪನವರು ಒಂದೇ ಸಲಕ್ಕೆ ಒಪ್ಪಿಕೊಂಡ ವಸ್ತು ಯಾವುದೂ ಇಲ್ಲ. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಅವರು ಮಾಡಿದ ಕೆಲಸ ಒಂದೇ. ಬೇರೆಯವರು ಮಾಡಿದ್ದನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೆ ಅದಕ್ಕೆ ಕೆಂಪು ಬಣ್ಣ ಬಳಿದು ‘ರಿಜೆಕ್ಟ್’ ಎನ್ನುವುದು. ನಿವೃತ್ತಿಯ ದಿನ ಹಾರ ಹಾಕಲು ಬಂದಾಗಲೂ, ಎಡಗಡೆ ಎರಡು ಹೂವು ಹೆಚ್ಚಿವೆ ಎಂದು ತಿಳಿಸಿಯೇ ಕೊರಳೊಡ್ಡಿದ್ದರು. ಈಗ ಕೆಂಪು ಬಣ್ಣದ ಡಬ್ಬಿ ಇರಲಿಲ್ಲ, ಅಷ್ಟೇ. ಕೆಲಸ ನಡೆದೇ ಇತ್ತು. ತರಕಾರಿ ಗಾಡಿಯವನು ಅವರ ಮನೆ ಹತ್ತಿರ ಬಂದ ಕೂಡಲೇ ಕೂಗುವುದನ್ನು ನಿಲ್ಲಿಸಿ ಸದ್ದಿಲ್ಲದೆ ದಾಟಿ ಹೋಗುತ್ತಿದ್ದ. ಹೆಂಡತಿ ಶರಣವ್ವ ಬಡಿದ ರೊಟ್ಟಿಯನ್ನು ಮಾತ್ರ ಅವರು ರಿಜೆಕ್ಟ್ ಮಾಡುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಮಾಡಿ, ಎರಡು ಹೊತ್ತು ಉಪವಾಸವಿದ್ದು, ಆ ವಿಭಾಗವನ್ನು ಶಾಶ್ವತವಾಗಿ ಮುಚ್ಚಿದ್ದರು.

ಮೇಲಿನ ಮನೆಯಲ್ಲಿ ಬಾಡಿಗೆಗಿದ್ದವಳು ದಿವ್ಯ, ಕೊಡಗಿನ ಹುಡುಗಿ, ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಳು. ಅಜ್ಜನಿಂದ ಅವಳಿಗೆ ಬಂದ ಹಳೇ ಕೋವಿಯೊಂದಿತ್ತು. ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ ಜಡಿದು ಹಾರಿಸುವಂಥದ್ದು. ಹುಣಸಮಾರನಹಳ್ಳಿಯಾಚೆಯ ಒಂದು ಶೂಟಿಂಗ್ ಕ್ಲಬ್ಬಿನ ಬೀರುವಿನಲ್ಲಿ ಅದರ ವಾಸ. ಈ ಕೋವಿಯ ಪಕ್ಕದಲ್ಲೊಂದು ಸಣ್ಣ ತೂತು ಇರುತ್ತದೆ. ಪ್ರತಿ ಗುಂಡಾದ ಮೇಲೆ ಅದನ್ನು ಸೂಜಿಯಿಂದ ಚುಚ್ಚಿ ಬಿಡಿಸಬೇಕು, ಪುಟ್ಟ ಬ್ರಷ್ಷಿನಿಂದ ಮಸಿ ಗುಡಿಸಬೇಕು. ಸೂಜಿ, ಬ್ರಷ್ಷು ಕಳೆಯದಿರಲಿ ಎಂದು ಎರಡು ಸಣ್ಣ ಸರಪಳಿಗಳಲ್ಲಿ ಎದೆಯ ಪಟ್ಟಿಗೆ ನೇತುಹಾಕಿಕೊಳ್ಳುವುದು ಹಳಬರ ರೂಢಿ.

ಒಂದು ಬೆಳಿಗ್ಗೆ ದಿವ್ಯ ಮೆಟ್ಟಿಲ ಮೇಲೆ ಕೂತು ಆ ಸೂಜಿಯನ್ನು ಒಂದು ಮೊಬೈಲ್ ಅಂಗಡಿಯ ಕೀಚೈನಿಗೆ ಸಿಕ್ಕಿಸುತ್ತಿದ್ದಳು. ನಾಗಲಿಂಗಪ್ಪನವರು ಬಗ್ಗಿ ನೋಡಿದರು.

“ಏನವಾ ಇದು?”

“ಹಳೇ ಕೋವಿ ಕಾಂಪಿಟಿಷನ್ ಅಂಕಲ್, ಮೂರು ವಾರ ಇದೆ. ಎಲ್ಲಾ ಹಳೇ ಕಾಲದ ಥರಾನೇ ಇರ್ಬೇಕು ಅಂತ ರೂಲು. ಹೋದ್ ವರ್ಷ ಈ ಚೈನ್ ನೋಡೇ ನನ್ನ ಆಚೆ ಕಳಿಸಿದ್ರು, ಒಂದು ಗುಂಡೂ ಹೊಡೆಯಕ್ಕೆ ಬಿಡ್ಲಿಲ್ಲ. ಅಜ್ಜ ಇದ್ದಿದ್ರೆ ಅತ್ತುಬಿಡ್ತಿದ್ರು.”

“ಕಳಿಸದ ಏನ್ ಮಾಡ್ತಾರ. ಇದು ರಿಜೆಕ್ಟು. ಒಂಬತ್ತು ಇಂಚಿನ ಎರಡು ಚೈನು ತಾನ? ಮೂವತ್ನಾಕು ವರ್ಷ ಫ್ಯಾಕ್ಟ್ರಿಯೊಳಗ ಇದ್ದಾಂವ ನಾನು. ನನಗ ಬಿಡು.”

“ನೀವೇ ಮಾಡ್ತೀರಾ ಅಂಕಲ್?”

“ಮಾಡಿ ಕೊಟ್ಟೆ ಅಂತ ತಿಳಕೋ.”

ದಿವ್ಯಳ ಮುಖ ಅರಳಿತು. ಹೊರದೇಶದಿಂದ ತರಿಸಲೆಂದು ಹೇಳಿಟ್ಟಿದ್ದ ಚೈನನ್ನು ಅವರ ಎದುರಿಗೇ ಫೋನಿನಲ್ಲಿ ಕ್ಯಾನ್ಸಲ್ ಮಾಡಿದಳು. ಆಮೇಲೆ ಸೂಜಿ, ಬ್ರಷ್ಷು ಎರಡನ್ನೂ ಅವರ ಅಂಗೈಯಲ್ಲಿಟ್ಟಳು. ಕಾರ್ಖಾನೆಯಲ್ಲಿದ್ದ ಮೂವತ್ತನಾಲ್ಕು ವರ್ಷದಲ್ಲಿ ತಾವು ಒಂದು ಮೊಳೆಯನ್ನೂ ಮಾಡಿದವರಲ್ಲ ಎಂಬ ಸಂಗತಿ ನಾಗಲಿಂಗಪ್ಪನವರಿಗೆ ಹೊಳೆದದ್ದು ಆಗ. ಆದರೆ ಮಾತು ಕೊಟ್ಟಾಗಿತ್ತು. ಕೊಟ್ಟ ಮಾತನ್ನು ರಿಜೆಕ್ಟ್ ಮಾಡಿ ಅವರಿಗೆ ಅಭ್ಯಾಸವಿರಲಿಲ್ಲ.

ಮೊದಲು ಅವರು ಹೋದದ್ದು ಯಲಹಂಕ ಹಳೇ ಊರಿನ ಒಂದು ಬೆಳ್ಳಿ ಅಂಗಡಿಗೆ. ಹಳೇ ನಮೂನೆಯ ಚೈನು ಸಿಕ್ಕರೆ ಅದನ್ನೇ ತಿದ್ದಿ ಕೊಟ್ಟರಾಯಿತು ಎಂಬುದು ಅವರ ಮೊದಲ ಯೋಜನೆ. ಕೌಂಟರಿನವನು ನಗುತ್ತ, “ಯಾರಿಗೆ ಸಾರ್ ಚೈನು?” ಎಂದ.

“ಬಂದೂಕಿಗೆ,” ಎಂದರು ನಾಗಲಿಂಗಪ್ಪನವರು.

ಅವನ ನಗು ಅಲ್ಲೇ ನಿಂತಿತು. ತಿಳಿಯಲಿಲ್ಲವೇನೋ ಎಂದುಕೊಂಡು ನಾಗಲಿಂಗಪ್ಪನವರು ಅವನನ್ನು ಬಾಗಿಲ ಬಳಿ ಕರೆದರು. ಅಲ್ಲಿ ಕಾವಲುಗಾರ ತನ್ನ ಬಂದೂಕನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ತೂಕಡಿಸುತ್ತಿದ್ದ. “ನೋಡ್ರಿ, ಇಲ್ಲಿ ತೂತು ಇರತೈತಿ, ಇಲ್ಲಿಂದ ಇಲ್ಲೀಮಟ ಚೈನು,” ಎನ್ನುತ್ತ ಅವರು ಜೇಬಿನಿಂದ ಸೂಜಿ ತೆಗೆದು ಆ ಬಂದೂಕಿನ ಕಡೆಗೆ ಚಾಚಿದರು. ಕಾವಲುಗಾರ ಎಚ್ಚರಗೊಂಡದ್ದು ಸರಿಯಾಗಿ ಆ ಗಳಿಗೆಯಲ್ಲಿ. ಮೂವತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ ಅವನಿಗೆ ಕೆಲಸ ಸಿಕ್ಕಿತ್ತು, ಅವನು ಅದನ್ನು ಪೂರ್ತಿ ಮನಸ್ಸಿನಿಂದ ಮಾಡಿದ. ಷಟರ್ ಇಳಿಯಿತು, ಗಂಟೆ ಹೊಡೆಯಿತು. ಮೂಗುಬೊಟ್ಟು ನೋಡುತ್ತಿದ್ದ ಹೆಂಗಸೊಬ್ಬರು ಕೌಂಟರಿನ ಕೆಳಗೆ ಕೂತರು.

ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಭಾಗ್ಯಶ್ರೀ ಸೂಜಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ದಿವ್ಯಳಿಗೆ ಫೋನ್ ಮಾಡಿ, ಕೋವಿಯ ಕಾಗದಗಳ ಫೋಟೋ ತರಿಸಿಕೊಂಡು, ಒಂದು ನಿಟ್ಟುಸಿರು ಬಿಟ್ಟರು.

“ನಿಮ್ಮದು ತಪ್ಪೇನಿಲ್ಲ ಸಾರ್. ಆದ್ರೆ ಒಡವೆ ಅಂಗಡಿಗೆ ಹೋಗಿ ಬಂದೂಕು ಅಂದ್ರೆ ಅವ್ರು ಏನ್ ಮಾಡ್ಬೇಕು ಹೇಳಿ. ಒಂದ್ ಬರ್ಕೊಟ್ಟು ಹೋಗಿ.”

‘ಇನ್ನು ಮುಂದೆ ನಾನು ಯಾವುದೇ ಒಡವೆ ಅಂಗಡಿಯಲ್ಲಿ ಬಂದೂಕು ಎಂಬ ಪದವನ್ನು ಉಚ್ಚರಿಸುವುದಿಲ್ಲ’ ಎಂದು ನಾಗಲಿಂಗಪ್ಪನವರು ಬರೆದುಕೊಟ್ಟರು. ಅಕ್ಷರಗಳ ಸಾಲು ಓರೆಯಾಯಿತೆಂದು ಒಂದು ಹಾಳೆ ಹರಿದು ಮತ್ತೆ ಬರೆದರು. ನಿಯಮವನ್ನು ಬಿಗಿಯಾಗಿ ಓದುವುದೇ ಅವರ ಕಸುಬು. ಒಡವೆ ಅಂಗಡಿಯೇಕೆ, ಮನೆಯಲ್ಲೂ ಆ ಪದ ಎತ್ತಬಾರದೆಂದು ನಿರ್ಧರಿಸಿಬಿಟ್ಟರು. ಠಾಣೆಯ ಸಮಾಚಾರ ಶರಣವ್ವನವರಿಗೆ ತಿಳಿಯದಿರಲಿ ಎಂಬ ಸಣ್ಣ ಕಾರಣವೂ ಜೊತೆಗಿತ್ತು.

ಮರುದಿನ ಆರ್.ಟಿ. ನಗರದ ಇನ್ನೊಂದು ಅಂಗಡಿ. ಈ ಸಲ ಅವರು ಒಂದೊಂದೇ ಮಾತನ್ನು ತೂಗಿ ಆಡಿದರು.

“ಒಂಬತ್ತು ಇಂಚು. ಎರಡು. ಹಳೇ ಕಾಲದ ನಮೂನಿ.”

“ಯಾರಿಗೆ ಸಾರ್?” ಎಂದಳು ಕೌಂಟರಿನ ಹುಡುಗಿ.

ನಾಗಲಿಂಗಪ್ಪನವರು ಸುತ್ತ ನೋಡಿದರು. “ಅದನ್ನ ಹೇಳಾಕ ಬರಂಗಿಲ್ಲವಾ. ಬರದು ಕೊಟ್ಟೀನಿ.”

ಒಂಬತ್ತು ಇಂಚಿನದು ಎರಡು ಎಂದರೆ ಬೆಳ್ಳಿ ಅಂಗಡಿಯಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ. ಹುಡುಗಿ ಕಾಲ್ಚೈನುಗಳ ತಟ್ಟೆ ತಂದಿಟ್ಟಳು. ನಾಗಲಿಂಗಪ್ಪನವರು ಭೂತಗನ್ನಡಿ ತೆಗೆದು ಒಂದೊಂದು ಕೊಂಡಿಯನ್ನೂ ನೋಡಿ, ಹದಿನೇಳು ಜೊತೆ ರಿಜೆಕ್ಟ್ ಮಾಡಿ, “ಇವೆಲ್ಲಾ ಮಷಿನ್ನಿನವು. ನಾನ ಮಾಡ್ತೀನಿ ತಗೋ,” ಎಂದು ಎದ್ದುಬಂದರು. ಪಕ್ಕದ ಕೌಂಟರಿನಲ್ಲಿ ಕಾಲುಂಗುರ ಸರಿಮಾಡಿಸುತ್ತ ಎದುರು ಮನೆಯ ದಾಕ್ಷಾಯಣಿ ಕೂತದ್ದನ್ನು ಅವರು ನೋಡಲಿಲ್ಲ. ದಾಕ್ಷಾಯಣಿ ನೋಡದೆ ಬಿಟ್ಟದ್ದು ಏನೂ ಇರಲಿಲ್ಲ.

ಆಕೆ ಆಟೊ ಹಿಡಿದು ಅವರಿಗಿಂತ ಮುಂಚೆ ಪುಟ್ಟೇನಹಳ್ಳಿ ತಲುಪಿದರು.

“ಶರಣಕ್ಕ, ನಿಮ್ಮೆಜಮಾನ್ರು ನಿಮಗೆ ಕಾಲ್ಚೈನು ಮಾಡಿಸ್ತಿದಾರೆ. ನಾನ್ ಹೇಳ್ದೆ ಅನ್ಬೇಡಿ. ಸೀಕ್ರೆಟ್ಟಾಗಿ ಇಟ್ಟಿದಾರೆ ಪಾಪ, ಯಾರಿಗೆ ಅಂತ ಕೇಳಿದ್ರೂ ಬಾಯಿ ಬಿಡ್ಲಿಲ್ಲ. ಒಂಬತ್ತಿಂಚು.”

“ಒಂಬತ್ತಿಂಚು?” ಎಂದರು ಶರಣವ್ವ. ತಮ್ಮ ಕಾಲನ್ನು ನೋಡಿಕೊಂಡರು. ಗದಗಿನಿಂದ ಮದುವೆಯಾಗಿ ಬಂದಾಗ, ಹತ್ತೊಂಬತ್ತರ ವಯಸ್ಸಿನಲ್ಲಿ, ಆ ಕಾಲು ಒಂಬತ್ತು ಇಂಚೇ ಇತ್ತು. ಆ ಮನುಷ್ಯನಿಗೆ ಅದು ಇನ್ನೂ ನೆನಪಿದೆ. ಬರೀ ನೆನಪಲ್ಲ, ಇವತ್ತಿಗೂ ಅಷ್ಟೇ ಇದೆ ಎಂದುಕೊಂಡಿದ್ದಾರೆ. ಶರಣವ್ವನವರಿಗೆ ಅಡುಗೆಮನೆಯಲ್ಲಿ ಒಂದು ಗಳಿಗೆ ಏನು ಮಾಡಲು ಬಂದಿದ್ದೆ ಎಂಬುದೇ ಮರೆತುಹೋಯಿತು.

ಮಾರನೆಯ ಬೆಳಿಗ್ಗೆಯಿಂದ ಅವರು ಪುಟ್ಟೇನಹಳ್ಳಿ ಕೆರೆ ಸುತ್ತಲು ಶುರು ಮಾಡಿದರು, ದಿನಕ್ಕೆ ನಾಲ್ಕು ಸುತ್ತು. ಬೆಂಗಳೂರಿಗೆ ಬಂದಾಗಿನಿಂದ ಹಾಲಿನ ಬೂತಿನಾಚೆ ನಡೆದು ಹೋಗದಿದ್ದ ಹೆಂಗಸು, ಇಳಕಲ್ ಸೀರೆಯ ಕೆಳಗೆ ಹೊಸ ಬೂಟು ಹಾಕಿ, ಬಾತುಕೋಳಿಗಳು ಬೆದರುವಷ್ಟು ಬಿರುಸಿನಿಂದ ನಡೆದರು. ನಾಗಲಿಂಗಪ್ಪನವರು ಬೆಳಗಿನ ಚಹ ತಾವೇ ಮಾಡಿಕೊಳ್ಳಬೇಕಾಗಿ ಬಂತು. ಆ ಚಹ ರಿಜೆಕ್ಟ್ ಮಾಡುವಂತೆಯೇ ಇತ್ತು, ಮಾಡಿದವರು ತಾವೇ ಆದ್ದರಿಂದ ಕುಡಿದರು.

ಅವರಿಗೂ ಬಿಡುವಿರಲಿಲ್ಲ. ಯಶವಂತಪುರದ ಸಂದಿಯೊಂದರಲ್ಲಿ ಖಾದರ್ ಬಾಷಾ ಎಂಬವರು ಮದುವೆ ಬ್ಯಾಂಡಿನ ಹಿತ್ತಾಳೆ ಕಹಳೆಗಳನ್ನು ರಿಪೇರಿ ಮಾಡುತ್ತಿದ್ದರು. ಅದು ಒಡವೆ ಅಂಗಡಿಯಲ್ಲವಾದ್ದರಿಂದ ನಾಗಲಿಂಗಪ್ಪನವರು ಎಡಬಲ ನೋಡಿ, ಪಿಸುಮಾತಿನಲ್ಲಿ ಸಂಗತಿ ಹೇಳಿದರು.

“ಸೀಸನ್ ಸಾರ್, ನನಗೆ ಒಂದ್ ತಿಂಗಳು ಪುರಸೊತ್ತಿಲ್ಲ,” ಎಂದರು ಖಾದರ್ ಬಾಷಾ. “ಜಾಗ ಕೊಡ್ತೀನಿ, ತಂತಿ ಕೊಡ್ತೀನಿ. ಕೂತ್ಕೊಂಡು ನೀವೇ ಮಾಡ್ಕೊಳ್ಳಿ. ನೀವು ಫ್ಯಾಕ್ಟ್ರಿ ಜನ, ನಿಮಗೇನು ಹೇಳ್ಕೊಡೋದು.”

ಕೆಲಸ ಕೇಳಲು ಸುಲಭವಿತ್ತು. ಹಿತ್ತಾಳೆ ತಂತಿಯನ್ನು ಸರಳಿಗೆ ಸುತ್ತಿ, ಕತ್ತರಿಸಿದರೆ ಉಂಗುರ. ಉಂಗುರದ ಬಾಯಿಗೆ ಬಿಳಿಗಾರ ಹಚ್ಚಿ ಬೆಸೆದು, ಉದ್ದಕ್ಕೆ ಹಿಚುಕಿ ಮಡಿಸಿ, ಒಂದರೊಳಗೊಂದು ತೂರಿಸಿದರೆ ಹಳೇ ನಮೂನೆಯ ಸರಪಳಿ. ಒಂದೊಂದಕ್ಕೆ ಅರವತ್ತನಾಲ್ಕು ಕೊಂಡಿ. ಮೊದಲ ದಿನ ಸಂಜೆಯವರೆಗೆ ನಾಗಲಿಂಗಪ್ಪನವರು ಹನ್ನೊಂದು ಕೊಂಡಿ ಮಾಡಿದರು. ಖಾದರ್ ಬಾಷಾ ಅವುಗಳಲ್ಲೊಂದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಸಾರ್, ಬೇಜಾರು ಮಾಡ್ಕೋಬೇಡಿ. ಇದು ಉಂಗುರಾನಾ, ವಡೇನಾ?”

ಹನ್ನೊಂದೂ ಗುಜರಿ ಡಬ್ಬಿಗೆ ಬಿದ್ದವು. ಎರಡನೇ ದಿನ ಹದಿನಾಲ್ಕು ಬಿದ್ದವು. ಆ ಡಬ್ಬಿಯ ಟಣ್ ಎಂಬ ಸದ್ದು ಮಾಡಿದವನ ಎದೆಯಲ್ಲಿ ಹೇಗೆ ಕೇಳಿಸುತ್ತದೆ ಎಂದು ನಾಗಲಿಂಗಪ್ಪನವರಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮೂರನೇ ದಿನ ಬೆರಳು ಸುಟ್ಟಿತು, ನಾಲ್ಕನೇ ದಿನ ಮೀಸೆಯ ಬಲಭಾಗ ಸುಟ್ಟಿತು. ಎಡಭಾಗವನ್ನು ಅಷ್ಟಕ್ಕೇ ಕತ್ತರಿಸಿ ಸರಿದೂಗಿಸಿ ಐದನೇ ದಿನ ಮತ್ತೆ ಹೋದರು. ಆರನೇ ದಿನ ಖಾದರ್ ಬಾಷಾ ಒಂದು ಕೊಂಡಿಯನ್ನು ನೋಡಿ ಗುಜರಿ ಡಬ್ಬಿಗೆ ಹಾಕದೆ ಕೆಳಗಿಟ್ಟರು. ನಾಗಲಿಂಗಪ್ಪನವರಿಗೆ ಆ ಸಂಜೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಆದರೆ ಅದು ಅವರ ಗಮನಕ್ಕೇ ಬರಲಿಲ್ಲ.

ಆ ಹೊತ್ತಿಗೆ ಗದಗಿನಿಂದ ಶರಣವ್ವನವರ ತಮ್ಮ ಶರಣು ಫೋನ್ ಮಾಡಿದ.

“ಮಾಮಾ, ನೀವು ಹಿಂಗ ಮಾಡಿದ್ರ ನಾವು ಹ್ಯಾಂಗ ಬಾಳೇ ಮಾಡೂದ್ರಿ? ನಮ್ಮ ಮನ್ಯಾಗ ದಿನಾ ನಿಮ್ಮದ ಮಾತು. ಚೈನಿನ ಸುದ್ದಿ ಎಲ್ಲಾರಿಗೂ ಗೊತ್ತಾಗೇತಿ.”

ನಾಗಲಿಂಗಪ್ಪನವರು ಠಾಣೆಯ ಸುದ್ದಿ ಗದಗಿಗೆ ಮುಟ್ಟಿದೆ ಎಂದುಕೊಂಡರು. ಬರೆದುಕೊಟ್ಟ ಕಾಗದ ಕಣ್ಣಮುಂದೆ ಬಂತು.

“ಶರಣು, ಅದರ ಹೆಸರ ನಾನು ಎತ್ತಂಗಿಲ್ಲ. ಒಂದು ಮಾತು ಕೊಟ್ಟೀನಿ. ಕೈ ಸುಟ್ಟರೂ, ಮೀಸಿ ಸುಟ್ಟರೂ ನನ್ನ ಕೈಲೇ ಮಾಡಿ ಕೊಡಾಂವ.”

“ಕೈಲೇ ಮಾಡಾಕತ್ತೀರೇನ್ರಿ ಮಾಮಾ?” ಎಂದ ಶರಣು. ಹತ್ತು ನಿಮಿಷದಲ್ಲಿ ಅವನ ಅಕ್ಕನಿಗೆ ಫೋನು ಬಂತು. ಮಾರನೆಯ ದಿನದಿಂದ ಕೆರೆಯ ಸುತ್ತು ನಾಲ್ಕು ಇದ್ದದ್ದು ಆರಾಯಿತು.

ಸ್ಪರ್ಧೆಯ ಹಿಂದಿನ ದಿನ, ಶನಿವಾರ, ಸರಪಳಿಗಳು ಮುಗಿದವು. ಎರಡರಲ್ಲೂ ಸೇರಿ ನೂರಾ ಇಪ್ಪತ್ತೆಂಟು ಕೊಂಡಿ. ಒಂದರ ತುದಿಗೆ ಸೂಜಿ, ಇನ್ನೊಂದರ ತುದಿಗೆ ಬ್ರಷ್ಷು. ಹುಣಸೆಹಣ್ಣಿನಲ್ಲಿ ತಿಕ್ಕಿ, ಕರವಸ್ತ್ರದಲ್ಲಿ ಸುತ್ತಿ, ಜೇಬಿನಲ್ಲಿಟ್ಟುಕೊಂಡು ನಾಗಲಿಂಗಪ್ಪನವರು ಗೇಟು ತೆರೆಯುವಾಗ ದಾಕ್ಷಾಯಣಿ ಎದುರಾದರು.

“ಮುಗೀತಾ ಸಾರ್? ನಾಳೆ ಐದು ಗಂಟೆಗೆ ನಾವೆಲ್ಲಾ ಬರ್ತೀವಿ. ಶರಣಕ್ಕ ಆರು ಜನರನ್ನ ಕರ್ದಿದಾರೆ, ಹೋಳಿಗೆ ಮಾಡ್ತಾರಂತೆ. ಈ ಕಾಲದಲ್ಲಿ ಹೆಂಡ್ತಿಗೆ ಅಂತ ಸ್ವಂತ ಕೈಯಲ್ಲಿ ಕಾಲ್ಚೈನು ಮಾಡೋರು ಯಾರಿದಾರೆ ಹೇಳಿ. ನಮ್ಮೆಜಮಾನ್ರಿಗೆ ನನ್ನ ಕಾಲು ಎರಡಿದೆ ಅನ್ನೋದಾದ್ರೂ ಗೊತ್ತೋ ಇಲ್ವೋ.”

ನಾಗಲಿಂಗಪ್ಪನವರು ಗೇಟು ಹಿಡಿದುಕೊಂಡೇ ನಿಂತರು. ಕೆರೆಯ ಸುತ್ತು, ಹೊಸ ಬೂಟು, ಶರಣುವಿನ ಫೋನು, ಎಲ್ಲವೂ ಒಂದರೊಳಗೊಂದು ತೂರಿಕೊಂಡು ಸಾಲಾಗಿ ಬಂದವು. ಒಳಗೆ ಹೋದರೆ ಶರಣವ್ವ ಕಾಲಿಗೆ ಅರಿಶಿನ ಹಚ್ಚಿಕೊಂಡು ಮಣೆಯ ಮೇಲೆ ಕೂತಿದ್ದರು.

“ತಂದೀರೇನ್ರಿ?” ಎಂದರು. “ನಾಳಿ ಎಲ್ಲಾರ ಮುಂದ ಹಾಕ್ಕೊಂಡರಾತು ಅಂದಿದ್ದೆ. ಮೊದಲ ಒಮ್ಮೆ ನೋಡ್ತೀನಿ, ಕೊಡ್ರಿ.”

ಬೇರೆ ದಾರಿ ಕಾಣದೆ ಕರವಸ್ತ್ರ ಕೊಟ್ಟರು. ಶರಣವ್ವ ಮೆಲ್ಲಗೆ ಬಿಚ್ಚಿದರು. ಒಂದನ್ನು ಎತ್ತಿ ಹಿಡಿದರು.

“ಚಲೋ ಮಾಡೀರಿ. ಕಾಲಿಗೆ ಸೂಜಿ ಯಾಕ್ರಿ?”

ಇನ್ನೊಂದನ್ನೂ ಎತ್ತಿದರು.

“ಇದಕ್ಕ ಬ್ರಷ್ ಯಾಕೈತಿ?”

“ಅದು ಬಂದೂಕಿಂದು,” ಎಂದರು. ಎರಡು ವಾರಕ್ಕೂ ಮಿಕ್ಕಿ ಮನೆಯಲ್ಲಿ ತಡೆಹಿಡಿದ ಪದ ಹೊರಬಿದ್ದ ಮೇಲೆ ಉಳಿದದ್ದೂ ತಾನಾಗಿ ಬಂತು. ದಿವ್ಯ, ಕಾವಲುಗಾರ, ಠಾಣೆ, ಬರೆದುಕೊಟ್ಟದ್ದು, ಮೀಸೆ, ಎಲ್ಲಾ ಹೇಳಿದರು.

ಶರಣವ್ವ ಸರಪಳಿಯನ್ನು ಕರವಸ್ತ್ರದ ಮೇಲೆ ಇಟ್ಟರು. “ಎರಡೂವರಿ ವಾರ ಕೆರಿ ಸುತ್ತಿದೆ ನಾನು. ಒಂದು ಬಂದೂಕಿನ ಸಲುವಾಗಿ.”

“ಇದನ್ನ ನೀನ ತಗೋ. ಆ ಹುಡುಗಿಗೆ ಏನರ ಹೇಳ್ತೀನಿ,” ಎಂದರು ನಾಗಲಿಂಗಪ್ಪನವರು. ಹೋದ ವರ್ಷದಂತೆ ಆ ಹುಡುಗಿ ಗುಂಡು ಹಾರಿಸದೆ ಕೋವಿ ಎತ್ತಿಕೊಂಡು ಹೊರಗೆ ಬರುವುದು ಅವರಿಗೆ ಕಾಣುತ್ತಿತ್ತು.

“ಮಾತು ಕೊಟ್ಟೀರಿ, ಕೊಡ್ರಿ ಆಕಿಗೆ. ಒಂಬತ್ತಿಂಚು ನನಗ ಆಗೂದಿಲ್ಲ ಅನ್ನೂದು ಮೊದಲ ದಿನಾನ ಗೊತ್ತಿತ್ತು. ನಿಮಗ ಗೊತ್ತಿಲ್ಲಲ್ಲ ಅಂತ ಖುಷಿ ಆಗಿತ್ತು, ಅಷ್ಟ.”

ಎದ್ದು ಒಳಗೆ ಹೋದರು. ನಾಗಲಿಂಗಪ್ಪನವರು ಜೀವನದಲ್ಲಿ ಎಷ್ಟೋ ಜನರಿಂದ ಬೈಸಿಕೊಂಡವರು. ಬೈಸಿಕೊಳ್ಳದೆ ಇಷ್ಟು ನೋವಾದದ್ದು ಇದೇ ಮೊದಲು.

ಭಾನುವಾರ ಬೆಳಿಗ್ಗೆ ಅವರು ಹೊರಟಾಗ ಶರಣವ್ವ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. “ನಾನೂ ಬರಾಕಿ. ಅದ್ಯಾವ ಬಂದೂಕು ಒಂಬತ್ತಿಂಚಿಂದು, ನೋಡ್ತೀನಿ.”

ಕ್ಲಬ್ಬಿನಲ್ಲಿ ತಪಾಸಣೆಗೆ ಕೂತಿದ್ದ ಮುದುಕರು ಸರಪಳಿಯನ್ನು ಭೂತಗನ್ನಡಿಯಲ್ಲಿ ಕೊಂಡಿ ಕೊಂಡಿಯಾಗಿ ನೋಡಿದರು. ನಾಗಲಿಂಗಪ್ಪನವರಿಗೆ ಆತ ತಮ್ಮದೇ ಪಂಗಡದ ಮನುಷ್ಯ ಎಂಬುದು ಕಂಡೊಡನೆ ಗೊತ್ತಾಯಿತು. ದಿವ್ಯ ಕೋವಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

“ಹದಿನೇಳನೇ ಕೊಂಡಿ ಓರೆ ಇದೆ,” ಎಂದರು ಮುದುಕರು.

“ಹೌದ್ರಿ. ಇಪ್ಪತ್ಮೂರನೇದೂ ಓರೆ ಐತಿ,” ಎಂದರು ನಾಗಲಿಂಗಪ್ಪನವರು. ತಪ್ಪನ್ನು ಮುಚ್ಚಿಡುವ ಅಭ್ಯಾಸ ಅವರಿಗಿರಲಿಲ್ಲ, ತಮ್ಮದಾದರೂ.

ಮುದುಕರು ಕನ್ನಡಕ ತೆಗೆದರು. “ಕೈಯಲ್ಲಿ ಮಾಡಿದ್ದು ಅಂತ ಅದರಿಂದಲೇ ಗೊತ್ತಾಗೋದು. ಒಳಗೆ ಬಾಮ್ಮ.”

ದಿವ್ಯಳಿಗೆ ಮೂರನೇ ಸ್ಥಾನ ಬಂತು. ಪ್ರತಿ ಗುಂಡಾದ ಮೇಲೆ ಅವಳು ಸೂಜಿ ಚುಚ್ಚಿ, ಬ್ರಷ್ ಆಡಿಸಿ ಬಿಟ್ಟಾಗ ಎರಡೂ ಅವಳ ಎದೆಯ ಮೇಲೆ ಬಂದು ನಿಲ್ಲುತ್ತಿದ್ದವು. ಶರಣವ್ವ ಎರಡು ಕಿವಿಗೂ ಬೆರಳಿಟ್ಟುಕೊಂಡು ಕೊನೆಯವರೆಗೂ ನೋಡಿದರು. ದಾರಿಯಲ್ಲಿ ಒಂದೇ ಮಾತಾಡಿದರು: “ಬ್ಯಾಳಿ ನೆನೆ ಹಾಕಿ ಬಂದೀನಿ, ಲಗೂ ನಡೀರಿ.”

ಐದು ಗಂಟೆಗೆ ಆರು ಹೆಂಗಸರು ಬಂದರು. ಹೋಳಿಗೆ ಬಡಿಸಿದ್ದಾಯಿತು. ಎಲ್ಲರ ಕಣ್ಣೂ ಶರಣವ್ವನವರ ಸೀರೆಯ ಅಂಚಿನ ಮೇಲೇ ಇತ್ತು. ಶರಣವ್ವ ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಕುರ್ಚಿಯಲ್ಲಿ ಕೂತಿದ್ದರು.

“ಎಲ್ಲಿ ಶರಣಕ್ಕ, ತೋರ್ಸಿ,” ಎಂದರು ದಾಕ್ಷಾಯಣಿ.

ಶರಣವ್ವನವರ ಮುಖ ಸಣ್ಣದಾಯಿತು. ಅಷ್ಟರಲ್ಲಿ ನಾಗಲಿಂಗಪ್ಪನವರು ಒಳಗಿನಿಂದ ಬಂದರು. ಕೈಯಲ್ಲಿ ಒಂದು ತುಂಡು ದಾರ, ಕಾರ್ಖಾನೆಯ ಕಾಲದ ಸ್ಟೀಲ್ ಸ್ಕೇಲು, ಕಿವಿಯ ಮೇಲೆ ಪೆನ್ಸಿಲ್. ಯಾರ ಮುಖವನ್ನೂ ನೋಡದೆ ನೇರ ಬಂದು ಹೆಂಡತಿಯ ಕುರ್ಚಿಯ ಮುಂದೆ ನೆಲದ ಮೇಲೆ ಕೂತು, ಕಾಲಿಗೆ ಕೈ ಹಾಕಿದರು. ಗಂಡಸು ಹೆಂಡತಿಯ ಕಾಲು ಮುಟ್ಟುವುದನ್ನು ಆ ಆರು ಜನರಲ್ಲಿ ಯಾರೂ ಯಾವ ಮನೆಯಲ್ಲೂ ಕಂಡಿರಲಿಲ್ಲ. ದಾಕ್ಷಾಯಣಿಯವರ ಬಾಯಿಗೆ ಹೊರಟಿದ್ದ ಹೋಳಿಗೆ ದಾರಿಯಲ್ಲೇ ನಿಂತಿತು.

“ಏಳ್ರಿ ಮ್ಯಾಲ,” ಎಂದರು ಶರಣವ್ವ ಹಲ್ಲು ಕಚ್ಚಿ, “ಮಂದಿ ಅದಾರ.”

“ಇರಲಿ ಬಿಡು. ಹೋದ ಸಲದ್ದು ಅಳತಿ ತಪ್ಪಿತ್ರಿ,” ಎಂದರು ನಾಗಲಿಂಗಪ್ಪನವರು ಎಲ್ಲರಿಗೂ ಕೇಳುವಂತೆ. “ತಪ್ಪು ನಂದ. ಮೂವತ್ನಾಕು ವರ್ಷ ಏನೇನೋ ಅಳದೆ, ಇದೊಂದು ಅಳೀಲಿಲ್ಲ.”

ಕಾಲಿಗೆ ದಾರ ಸುತ್ತಿ, ಗುರುತು ಹಾಕಿ, ಬಿಚ್ಚಿ ಸ್ಕೇಲಿನ ಮೇಲೆ ಹಿಡಿದರು. ನಂಬಿಕೆಯಾಗದೆ ಇನ್ನೊಮ್ಮೆ ಸುತ್ತಿದರು.

“ಹತ್ತೂ ಮುಕ್ಕಾಲು.”

“ಹನ್ನೊಂದಿತ್ತು,” ಎಂದರು ಶರಣವ್ವ. ಅವರ ದನಿಯಲ್ಲಿ ಸಿಟ್ಟು ಎಷ್ಟು, ಹೆಮ್ಮೆ ಎಷ್ಟು ಎಂದು ಹೇಳುವುದು ಕಷ್ಟ.

ನಾಗಲಿಂಗಪ್ಪನವರು ಪುಸ್ತಕದಲ್ಲಿ ಬರೆದುಕೊಂಡರು. ಅಂಕಿಯ ಕೆಳಗೆ ಎರಡು ಗೆರೆ ಎಳೆದರು. ಆಮೇಲೆ ತಲೆಯೆತ್ತಿ, ಡ್ರಾಯಿಂಗಿಗೆ ಸಹಿ ಹಾಕಿದ ಇನ್‌ಸ್ಪೆಕ್ಟರನ ಗಂಭೀರ ದನಿಯಲ್ಲಿ ಹೇಳಿದರು:

“ನಾಳಿಂದ ಕೆರಿಗೆ ಹೋಗಬ್ಯಾಡ. ಚೈನು ಮುಗಿಯೂಮಟ ಅಳತಿ ಬದಲಾಗಬಾರದು.”

ಶರಣವ್ವ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.